ತೊಟ್ಟೆ ತಿನ್ನುತ್ತಿದ್ದ ದಿನಾರ್

ಪ್ಲಾಸ್ಟಿಕ್ ತಿನ್ನುವ ಬೆಕ್ಕನ್ನು ಬಾಯಮ್ಮ ಮೊದಲ ಸಲ ನನ್ನ ಕ್ಲಿನಿಕ್ಕಿಗೆ ತಂದದ್ದು ಪ್ಲಾಸ್ಟಿಕ್ ಬುಟ್ಟಿಯಲ್ಲಿ. ಮೇಲೊಂದು ಬುಟ್ಟಿ ಕವುಚಿ, ಎರಡನ್ನೂ ಬಾಳೆನಾರಿನಿಂದ ಬಿಗಿದಿದ್ದರು. ಮೇಜಿನ ಮೇಲಿಟ್ಟು ನಾರು ಬಿಚ್ಚುವಷ್ಟರಲ್ಲಿ ಒಳಗಿನಿಂದ ಕಟಕಟ ಸದ್ದು ಕೇಳಿಸಿತು. ಹಳದಿ ಬಣ್ಣದ ಗಂಡುಬೆಕ್ಕೊಂದು ಬುಟ್ಟಿಯ ಅಂಚನ್ನು ದವಡೆಗೆ ಕೊಟ್ಟು, ಕಣ್ಣು ಅರ್ಧ ಮುಚ್ಚಿ, ಎಲೆಅಡಿಕೆ ಹಾಕಿಕೊಂಡವರ ಹಾಗೆ ನಿಧಾನವಾಗಿ ಜಗಿಯುತ್ತಿತ್ತು.

"ನೋಡಿ ಡಾಕ್ಟ್ರೇ, ನಾನು ಹೇಳುವುದೇ ಬೇಡ," ಎಂದರು ಬಾಯಮ್ಮ. "ಮೂರು ದಿನದಿಂದ ಎಂತದೂ ತಿನ್ನುವುದಿಲ್ಲ. ಮೀನು ಇಟ್ಟರೆ ಮೂಸಿ ನೋಡಿ ಹೋಗ್ತದೆ. ತೊಟ್ಟೆ ಸಿಕ್ಕಿದರೆ ಮಾತ್ರ ಬಿಡುವುದಿಲ್ಲ."

ತೊಟ್ಟೆ ಎಂದರೆ ನಮ್ಮ ಕಡೆ ಪ್ಲಾಸ್ಟಿಕ್ ಚೀಲ. ಬಾಯಮ್ಮ ಎನ್ನುವುದು ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಕರೆಯುವ ರೀತಿ. ಇವರ ಮನೆ ಕಟಪಾಡಿಯಿಂದ ಒಳಗೆ, ಶಂಕರಪುರದ ದಾರಿಯಲ್ಲಿ. ಅಂಗಳದ ತುಂಬ ಮಲ್ಲಿಗೆ ಗಿಡ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಯೊಳಗೆ ಏಜೆಂಟರಿಗೆ ಮುಟ್ಟಿಸಬೇಕು. ಹಾಗಾಗಿ ಅವರು ಬರುವುದು ಯಾವಾಗಲೂ ಹನ್ನೊಂದಕ್ಕೆ. ಉಗುರಿನ ಸಂದಿಯಲ್ಲಿ ನಾರಿನ ಎಳೆ ಅಂಟಿಕೊಂಡೇ ಇರುತ್ತಿತ್ತು.

ಬೆಕ್ಕಿನ ಹೆಸರು ದಿನಾರ್. ಇಟ್ಟವರು ಅವರ ಗಂಡ. ಅವರು ಕುವೈತಿನಲ್ಲಿ ಟ್ಯಾಂಕರ್ ಓಡಿಸುತ್ತಾರೆ. ನಡುವೆ ಒಂದು ವರ್ಷ ಕೆಲಸವಿಲ್ಲದೆ ಊರಲ್ಲಿದ್ದಾಗ ಮಳೆಗೆ ನೆನೆದು ಬಂದ ಮರಿಯನ್ನು ಒಳಗೆ ಸೇರಿಸಿದ್ದರು. "ದುಡಿದು ತಂದದ್ದೆಲ್ಲ ಮುಗೀತು, ಉಳಿದ ದಿನಾರ್ ಇದೊಂದೇ" ಎಂದು ನಗುತ್ತಿದ್ದರಂತೆ. ಐದು ತಿಂಗಳ ಹಿಂದೆ ಮತ್ತೆ ಕೆಲಸ ಸಿಕ್ಕಿ ಹೋದರು. ಬೆಕ್ಕು ಬಾಯಮ್ಮನ ಕೈಗೆ ಬಂತು. "ನನಗೆ ಬೆಕ್ಕೆಂದರೆ ಅಷ್ಟಕ್ಕಷ್ಟೆ" ಎಂದು ಅವರು ಅದರ ಕಿವಿಯ ಹಿಂದೆ ತುರಿಸುತ್ತಲೇ ಹೇಳಿದರು.

ಪ್ರಾಣಿಗೆ ಬಾಯಿಲ್ಲ, ಹಾಗಾಗಿ ನಮ್ಮ ಅರ್ಧ ಕೆಲಸ ಮನುಷ್ಯರನ್ನು ಕೇಳುವುದೇ. ನಾನೂ ಕೇಳಿದೆ. ಊಟ ಹಾಕುವವರು ಯಾರು? "ನಾನೇ." ಈ ಚಾಳಿ ಯಾವಾಗಿನಿಂದ? "ಅವರು ಹೋದ ಮೇಲೆ ಡಾಕ್ಟ್ರೇ. ಬೇಸರ ಅದಕ್ಕೆ." ಮೊದಲು ವಾಂತಿ ಮಾಡುತ್ತಿತ್ತಾ? "ಇಲ್ಲ, ನಾನು ನೋಡ್ಲಿಲ್ಲ."

ನಾನು ಚೀಟಿಯಲ್ಲಿ 'ಇಲ್ಲ' ಎಂದಷ್ಟೇ ಬರೆದುಕೊಂಡೆ. 'ನಾನು ನೋಡ್ಲಿಲ್ಲ' ಎನ್ನುವುದನ್ನು ಬರೆಯಲಿಲ್ಲ. ಯಜಮಾನ ದೂರ ಹೋದ, ಬೆಕ್ಕು ಬೇಸರಕ್ಕೆ ಪ್ಲಾಸ್ಟಿಕ್ ತಿನ್ನತೊಡಗಿತು ಎನ್ನುವ ಕಥೆ ನನಗೂ ಹಿಡಿಸಿತ್ತು. ಹಿಡಿಸಿದ ಕಥೆಯನ್ನು ಯಾರೂ ಎರಡನೇ ಸಲ ವಿಚಾರಿಸುವುದಿಲ್ಲ.

ಇನ್ನೊಂದು ಕಾರಣವೂ ಉಂಟು. ಕ್ಲಿನಿಕ್ ಇಡುವ ಮೊದಲು ನಾನು ಬಜಗೋಳಿ ಕಡೆ ದನಗಳ ಕೆಲಸ ಮಾಡುತ್ತಿದ್ದೆ. ದನದ ಎಡಪಕ್ಕೆ ಕೊಯ್ದು, ಭುಜದವರೆಗೆ ಕೈ ಹಾಕಿ, ಬಕೆಟ್‌ಗಟ್ಟಲೆ ತೊಟ್ಟೆ ಎಳೆದು ಹಾಕಿದ್ದೇನೆ. ದನಕ್ಕೆ ತೊಟ್ಟೆಯೇ ರೋಗ. ತೆಗೆದರೆ ಎದ್ದು ನಿಲ್ಲುತ್ತದೆ. ಪ್ಲಾಸ್ಟಿಕ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎನ್ನುವ ಜಂಬ ನನಗಿತ್ತು.

ಮೊದಲು ಬಾಯಿ ತೆರೆದು ನಾಲಿಗೆಯ ಬುಡ ನೋಡಿದೆ. ಹೂ ಕಟ್ಟುವ ಮನೆಯ ಬೆಕ್ಕು, ನಾರು ಸುತ್ತಿಕೊಂಡಿದ್ದರೆ ಅಲ್ಲಿ ಸಿಗುತ್ತದೆ. ಏನೂ ಇರಲಿಲ್ಲ. ಹೊಟ್ಟೆ ಒತ್ತಿದಾಗ ನಡುವಿನಲ್ಲಿ ಬೆರಳು ಗಾತ್ರದ ಗಟ್ಟಿ ತುಂಡು ಕೈಗೆ ಸಿಕ್ಕಿತು, ಬೆಕ್ಕು ಮುಲುಗಿತು. ಎಕ್ಸ್‌ರೇಯಲ್ಲಿ ಪ್ಲಾಸ್ಟಿಕ್ ಕಾಣುವುದಿಲ್ಲ. ಅದರ ಹಿಂದೆ ಸಿಕ್ಕಿಬಿದ್ದ ಗಾಳಿ ಮಾತ್ರ ಕಾಣುತ್ತದೆ. ಕರುಳಿನ ಸುರುಳಿಗಳು ಗಾಳಿ ತುಂಬಿ ಉಬ್ಬಿದ್ದವು. ಆ ದಿನವೇ ಕೊಯ್ಯಬೇಕು ಎಂದೆ.

ಸಲೈನ್ ಹಾಕಿ ಸಿದ್ಧ ಮಾಡುತ್ತಿರುವಾಗ ಬಾಯಮ್ಮನ ಮೊಬೈಲ್ ಬಡಿದುಕೊಂಡಿತು. ಕುವೈತಿನಿಂದ ವೀಡಿಯೋ ಕಾಲ್. ಅವರು ಎತ್ತದೆ ನನ್ನ ಕಡೆ ತಿರುಗಿದರು.

"ಡಾಕ್ಟ್ರೇ, ತೊಟ್ಟೆ ತಿನ್ನುವುದು ಅವರಿಗೆ ಗೊತ್ತುಂಟು, ಕೊಯ್ಯುವುದನ್ನು ಮಾತ್ರ ಹೇಳ್ಬೇಡಿ. ಅಷ್ಟು ದೊಡ್ಡ ಗಾಡಿ ಓಡಿಸುವ ಮನುಷ್ಯ, ತಲೆಬಿಸಿ ಮಾಡಿಕೊಂಡರೆ ಕಷ್ಟ. ಅತ್ತೆಗೆ ಹುಷಾರಿಲ್ಲ ಅಂತ ಒಂದು ಮಾತು ಹೇಳಿದ್ದಕ್ಕೆ ಕೆಲಸ ಬಿಟ್ಟು ಬಂದವರು ಅವರು. ಒಂದು ವರ್ಷ ಮನೆಯಲ್ಲಿ ಕೂತರು."

ಗಲ್ಫಿಗೆ ಹೋದವರಿರುವ ಮನೆಗಳಲ್ಲಿ ಇದು ಹೊಸತಲ್ಲ. ಅಪ್ಪ ಬಿದ್ದು ಸೊಂಟ ಮುರಿದದ್ದು, ಬಾವಿಯ ಕಟ್ಟೆ ಕುಸಿದದ್ದು, ಎಲ್ಲವನ್ನೂ ಅವರು ವಿಮಾನದಿಂದ ಇಳಿದ ಮೇಲೆಯೇ ಹೇಳುವುದು. ಅಲ್ಲಿಯವರೆಗೆ ಫೋನಿನಲ್ಲಿ ಎಲ್ಲರೂ ಚೆನ್ನಾಗಿರುತ್ತಾರೆ. ನಾನು ಬೆಕ್ಕಿನ ಕಾಲಿನ ಸೂಜಿಯ ಮೇಲೆ ಟವೆಲ್ ಎಳೆದೆ.

ಪರದೆಯ ಮೇಲೆ ಬಿಸಿಲಿಗೆ ಕಪ್ಪಾದ, ನಗುಮುಖದ ಮನುಷ್ಯ ಕಂಡರು. "ಎಂತ ಡಾಕ್ಟ್ರೇ, ನಮ್ಮ ದಿನಾರ್ ಅಲ್ಲಿ?"

"ವರ್ಷದ ಇಂಜೆಕ್ಷನ್," ಎಂದೆ.

"ಹಾಗಾ? ಒಳ್ಳೇದಾಯ್ತು." ಅವರು ಬೆಕ್ಕನ್ನೇ ನೋಡುತ್ತಿದ್ದರು. "ಡಾಕ್ಟ್ರೇ, ನಿಮ್ಮ ಹತ್ರ ಒಂದು ವಿಷಯ ಕೇಳ್ಲಿಕ್ಕಿತ್ತು..."

ಅಷ್ಟರಲ್ಲಿ ಬಾಯಮ್ಮ ನನ್ನ ಪಕ್ಕ ಬಾಗಿ ಪರದೆಯೊಳಗೆ ಮುಖ ಹಾಕಿದರು. ಗಂಡ ಮಾತು ತಡೆದರು. "ಇರಲಿ ಇರಲಿ, ಬಂದ ಮೇಲೆ ಕೇಳ್ತೇನೆ."

ಏನದು ಎಂದು ನಾನು ಕೇಳಬಹುದಿತ್ತು. ಅರಿವಳಿಕೆಯ ಪ್ರಮಾಣ ಲೆಕ್ಕ ಹಾಕುವ ಅವಸರದಲ್ಲಿದ್ದೆ.

ಕರುಳಿನ ನಡುಭಾಗದಲ್ಲಿ ಎರಡು ಅಂಗುಲ ಉದ್ದದ ಬತ್ತಿ ಇತ್ತು. ಕೊಯ್ದು ಚಿಮುಟದಲ್ಲಿ ಎಳೆದೆ. ಬ್ರೆಡ್ಡಿನ ಕವರು, ರಸಗೊಬ್ಬರ ಚೀಲದ ಎಳೆ, ಹಾಲಿನ ತೊಟ್ಟೆಯ ನೀಲಿ ಮೂಲೆ, ಎಲ್ಲವೂ ಒಂದಕ್ಕೊಂದು ಹೊಸೆದುಕೊಂಡಿದ್ದವು. ಹೊಲಿದ ಜಾಗಕ್ಕೆ ಸಲೈನ್ ಬಿಟ್ಟು ಸೋರುವುದಿಲ್ಲ ಎಂದು ನೋಡಿದೆ. ಕರುಳಿನ ಗೋಡೆ ಸ್ವಲ್ಪ ದಪ್ಪವಾಗಿದೆ ಎನಿಸಿತು. ತಡೆ ಇದ್ದಲ್ಲಿ ಊದಿಕೊಳ್ಳುವುದು ಸಹಜ. ಆದರೆ ದಪ್ಪ ಆ ತುಂಡು ಇದ್ದ ಕಡೆ ಮಾತ್ರವಲ್ಲ, ಗೇಣುದ್ದ ಕೆಳಗೂ ಇತ್ತು. ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಿತ್ತು. ಹಿಂದೆ ವಾಂತಿ ಇಲ್ಲ, ಎಳೆಯ ಬೆಕ್ಕು, ಇನ್ನೊಂದು ಗಾಯ ಯಾಕೆ ಎಂದುಕೊಂಡೆ. ಹೊಟ್ಟೆ ಮುಚ್ಚಿದೆ.

ಬಾಯಮ್ಮನ ಮನೆಗೆ ಕೂಡಲೇ ಕಳಿಸುವ ಹಾಗಿರಲಿಲ್ಲ. ಮಳೆಗಾಲ, ಗಿಡಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ, ಜಗಲಿಯಲ್ಲಿ ಗೊಬ್ಬರದ ಚೀಲ. ಹೊಲಿಗೆ ಒಣಗುವವರೆಗೆ ಹತ್ತು ದಿನ ಕಾಪುವಿನ ನಮ್ಮ ಮನೆಯಲ್ಲಿರಲಿ ಎಂದು ಕರೆದುಕೊಂಡು ಹೋದೆ. ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಎಂದು ನಾನು ನಂಬಿದ್ದೆ. ಆ ನಂಬಿಕೆಯನ್ನು ದಿನಾರ್ ಒಂದೇ ಬೆಳಗ್ಗೆ ಇಳಿಸಿಬಿಟ್ಟ. ಬಕೆಟ್ಟಿನ ಹಿಡಿ, ಪೊರಕೆಯ ಕಟ್ಟು, ಫ್ರಿಜ್ಜಿನ ಬಾಗಿಲಿನ ಅಂಚು, ಹೊಸ ಅಂಗಿಯ ಕಾಲರಿನೊಳಗಿನ ಪಟ್ಟಿ. ಗಾಯ ನೆಕ್ಕಬಾರದೆಂದು ಹಳೆಯ ಎಕ್ಸ್‌ರೇ ಫಿಲ್ಮ್ ಸುತ್ತಿ ಕೊರಳಪಟ್ಟಿ ಮಾಡಿ ಹಾಕಿದ್ದೆ. ಅದರ ಅಂಚನ್ನೇ ಬಾಗಿಸಿ ತಿನ್ನತೊಡಗಿದ. ಅದನ್ನು ಕೇಳಿ ಬಾಯಮ್ಮ ಹಳೆಯ ಚಾದರ ಹೊಲಿದು ಬಟ್ಟೆಯ ಪಟ್ಟಿ ಕಳಿಸಿದರು.

ಕ್ಲಿನಿಕ್ಕಿನಲ್ಲಿ ನನ್ನ ಸಹಾಯಕಿ ಕೊಪ್ಪಳ ಕಡೆಯವಳು. ಹಗಲು ಅವನನ್ನು ಅಲ್ಲಿಗೆ ತರುತ್ತಿದ್ದೆ, ನೋಡಿಕೊಳ್ಳುವ ಕೆಲಸ ಅವಳದು. ಮೂರನೇ ದಿನ ನನ್ನ ಚಪ್ಪಲಿ ಎತ್ತಿ, ಹೆಬ್ಬೆರಳು ತೂರಿಸುವ ಉಂಗುರ ಹರಿದದ್ದನ್ನು ತೋರಿಸಿದಳು. "ಮೇಡಂ, ಉಂಗುಷ್ಠಾನೂ ಬಿಟ್ಟಿಲ್ಲ ನೋಡ್ರಿ. ಇದು ಬೆಕ್ಕಲ್ರಿ, ಗುಜರಿ ಅಂಗಡಿ ಐತಿ."

ನಾವಿಬ್ಬರೂ ನಕ್ಕೆವು. ಅವನ ಮೇಲೆ ಸಿಟ್ಟು ಮಾಡುವುದು ಕಷ್ಟವಾಗಿತ್ತು. ಮಡಿಲಿಗೆ ಬಂದು ಮುಖ ಒತ್ತುತ್ತಿದ್ದ. ಗುರುಗುಟ್ಟುತ್ತಿರುವಾಗಲೇ ಅವನ ಕಿವಿ ಅಡಿಗೆಮನೆಯ ಕಡೆ ತಿರುಗಿರುತ್ತಿತ್ತು. ಹಾಲಿನ ತೊಟ್ಟೆ ಕತ್ತರಿಸುವ ಸದ್ದಿಗೆ ಎದ್ದು ಹೋಗುತ್ತಿದ್ದ, ಬೇಕೆಂದು ಅಲ್ಲ, ಹೋಗಲೇಬೇಕೆಂಬಂತೆ.

ಆ ಹತ್ತು ದಿನಗಳಲ್ಲಿ ಎರಡು ಸಲ ಬೆಳಗ್ಗೆ ಚಾಪೆಯ ಮೇಲೆ ಹಳದಿ ನೊರೆ ಕಕ್ಕಿದ್ದ. ಔಷಧಿಯ ಉಷ್ಣ ಎಂದುಕೊಂಡು ಒರೆಸಿದೆ. ಒರೆಸಿದ್ದು ನೆನಪಿದೆ, ಯೋಚಿಸಿದ್ದು ನೆನಪಿಲ್ಲ.

ಮುಂದಿನ ಮೂರೂವರೆ ತಿಂಗಳು ಬಾಯಮ್ಮ ಮಾಡಿದ್ದನ್ನು ನಾನು ಯಾವ ಮನೆಯಲ್ಲೂ ನೋಡಿಲ್ಲ. ಗೊಬ್ಬರವನ್ನು ಮಣ್ಣಿನ ಗುಡಾಣಕ್ಕೆ ಸುರಿದರು. ಪಕ್ಕದ ಮನೆಯಿಂದ ತಂಬಿಗೆಯಲ್ಲಿ ಹಾಲು ತಂದರು. ಎರ್ಮಾಳಿನಿಂದ ಮೀನು ತರುವ ಹೆಂಗಸು ಗೇಟಿನ ಹೊರಗೇ ನಿಂತು ಮೀನನ್ನು ಪಾತ್ರೆಗೆ ಹಾಕಬೇಕು, ತೊಟ್ಟೆ ಒಳಗೆ ಬರಬಾರದು. "ನಿಮ್ಮ ಬೆಕ್ಕಿಗೆ ಕಾನೂನು ಜೋರುಂಟು ಮಾರಾಯ್ರೆ" ಎಂದು ಅವಳು ತಮಾಷೆ ಮಾಡುತ್ತಿದ್ದಳಂತೆ. ಮಲ್ಲಿಗೆಯ ಹೊದಿಕೆಯನ್ನು ಪೂರ್ತಿ ತೆಗೆದುಬಿಟ್ಟರು. ಆ ಮಳೆಗೆ ಎಷ್ಟೋ ಮೊಗ್ಗು ಗಿಡದಲ್ಲೇ ಕೊಳೆಯಿತು. ಹೊಲಿಗೆ ತೋರಿಸಲು ಬಂದಾಗ ಅದನ್ನು ಹೇಳಿದವರು ಮರುಕ್ಷಣವೇ, "ಈಗ ಹೂ ಕಟ್ಟುವಾಗ ಪಕ್ಕದಲ್ಲೇ ಕೂರ್ತದೆ ಡಾಕ್ಟ್ರೇ. ನನ್ನ ಹತ್ರ ಮಾತಾಡ್ತದೆ," ಎಂದರು. ಬೆಕ್ಕೆಂದರೆ ಅಷ್ಟಕ್ಕಷ್ಟೆ ಎಂದಿದ್ದ ಹೆಂಗಸು.

ದಿನಾರ್ ಒಂದು ಚೂರೂ ಪ್ಲಾಸ್ಟಿಕ್ ತಿನ್ನಲಿಲ್ಲ. ಆದರೂ ಇಳಿದುಹೋದ. ಮಳೆ ಬಿಟ್ಟ ಮೇಲೆ ಬಾಯಮ್ಮ ಅವನನ್ನು ತಂದಾಗ ನಾಲ್ಕು ಕಿಲೋ ಇದ್ದವನು ಮೂರಕ್ಕೂ ಕಡಿಮೆ ಇದ್ದ. ಬೆನ್ನ ಮೂಳೆ ಕೈಗೆ ಒಂದೊಂದಾಗಿ ಸಿಗುತ್ತಿತ್ತು.

"ದೇವರಾಣೆ, ಮನೆಯಲ್ಲಿ ತೊಟ್ಟೆ ಇಲ್ಲ," ಎಂದರು. ನಾನು ಬೈಯುತ್ತೇನೆಂದು ಹೆದರಿದ್ದರು.

"ನನಗೆ ಗೊತ್ತುಂಟು ಬಾಯಮ್ಮ," ಎಂದೆ. ಹೇಳಿದ ಮೇಲೆಯೇ ನನಗೆ ಹೊಳೆದದ್ದು. ತೊಟ್ಟೆ ಇಲ್ಲದಿದ್ದರೂ ರೋಗ ಉಂಟೆಂದರೆ, ತೊಟ್ಟೆ ರೋಗವಾಗಿರಲೇ ಇಲ್ಲ. ಒಳಗೆ ಏನೋ ತಿನ್ನುತ್ತಿದ್ದದ್ದಕ್ಕೆ ಅವನು ಹೊರಗೆ ಸಿಕ್ಕಿದ್ದನ್ನು ತಿನ್ನುತ್ತಿದ್ದ. ಬೆಕ್ಕಿನ ಕರುಳು ಕೆಟ್ಟಾಗ, ರಕ್ತ ಕಡಿಮೆಯಾದಾಗ ಹೀಗೆ ತಿನ್ನಬಾರದ್ದನ್ನು ತಿನ್ನುವುದುಂಟು ಎಂದು ನಾನು ಓದಿದ್ದೆ. ಓದಿದ್ದು ಪರೀಕ್ಷೆಗಾಯಿತು.

ಮಣಿಪಾಲದಲ್ಲಿ ಪ್ರಾಣಿಗಳ ಸ್ಕ್ಯಾನ್ ಮಾಡುವ ಸ್ನೇಹಿತೆಯೊಬ್ಬಳಿದ್ದಾಳೆ. ಅವಳ ಬಳಿಗೆ ನಾನೇ ಕರೆದುಕೊಂಡು ಹೋದೆ. ಅವಳು ಹೆಚ್ಚು ಮಾತಾಡಲಿಲ್ಲ, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕರುಳಿನ ಗೋಡೆ ಎರಡರಷ್ಟು ದಪ್ಪವಾಗಿತ್ತು. ಪಕ್ಕದ ಗ್ರಂಥಿಗಳು ಊದಿದ್ದವು. ಒಂದು ಕಡೆ ಗಂಟು ಕಟ್ಟಿದ ಹಾಗಿತ್ತು.

"ತೆಗೆಯಲಿಕ್ಕೆ ಬರುವ ಗಂಟಾ?" ಎಂದೆ.

"ತೆರೆದು ನೋಡಿದರೆ ಮಾತ್ರ ಗೊತ್ತಾಗುವುದು," ಎಂದಳು.

ಎರಡನೇ ಸಲ ಕೊಯ್ಯುವ ದಿನ ಬಾಯಮ್ಮ ಬೆಳಗ್ಗೆ ಎಂಟಕ್ಕೇ ಬಂದರು. ಕೊಯ್ದ ಮೊಗ್ಗನ್ನು ಕಟ್ಟದೆ ಬುಟ್ಟಿಯಲ್ಲೇ ಬಿಟ್ಟು ಬಂದಿದ್ದರು. ಮದುವೆಯಾಗಿ ಬಂದ ಮೇಲೆ ಹೂ ಕಟ್ಟದೆ ಬಿಟ್ಟದ್ದು ಅತ್ತೆ ತೀರಿಕೊಂಡ ದಿನ ಮತ್ತು ಈ ದಿನ ಎಂದರು. ನಾನು ಕೈ ತೊಳೆಯುವ ಮೊದಲು ಹೇಳಿದೆ: "ಬಾಯಮ್ಮ, ಒಮ್ಮೆ ಅವರಿಗೆ ಫೋನ್ ಮಾಡಿ. ಇದು ಅವರ ಬೆಕ್ಕು."

"ಬೇಡ ಡಾಕ್ಟ್ರೇ. ಅಲ್ಲಿ ಒಬ್ಬರೇ ಇದ್ದಾರೆ. ಅಳುವುದಕ್ಕೂ ಜನ ಇಲ್ಲ." ಸೆರಗಿನಲ್ಲಿ ಬೆರಳು ಸುತ್ತಿಕೊಂಡರು. "ಕ್ರಿಸ್ಮಸ್‌ಗೆ ಬರ್ಲಿಕ್ಕುಂಟು. ಅಷ್ಟರವರೆಗೆ ಹೇಗಾದರೂ ಉಳಿಸಿ ಕೊಡಿ. ಅವರ ಕೈಗೆ ಒಮ್ಮೆ ಕೊಟ್ಟರೆ ಸಾಕು."

ಹೊಟ್ಟೆ ತೆರೆದ ಮೇಲೆ ನಾನು ಕೊಯ್ದು ತೆಗೆಯಬಹುದಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಗಂಟು ಕರುಳಿಗಷ್ಟೇ ಅಲ್ಲ, ಅದನ್ನು ಹಿಡಿದಿಡುವ ಪೊರೆಗೆ, ಅಲ್ಲಿಯ ರಕ್ತನಾಳಗಳಿಗೆಲ್ಲ ಅಂಟಿಕೊಂಡಿತ್ತು. ಬೆರಳಿನಿಂದ ಮೆಲ್ಲಗೆ ಬಿಡಿಸಲು ನೋಡಿದೆ. ಬಿಡಲಿಲ್ಲ, ರಕ್ತ ಒಸರತೊಡಗಿತು. ಯಕೃತ್ತಿನ ಅಂಚಿನಲ್ಲಿ ಬಿಳಿ ಚುಕ್ಕೆಗಳು. ಹೊಲಿದು ಎಚ್ಚರಿಸಿದರೆ ವಾರವೊಂದು ಬದುಕಬಹುದು, ಅದೂ ನೋವಿನಲ್ಲಿ. ಸಹಾಯಕಿ ನನ್ನ ಮುಖ ನೋಡಿ ಕೇಳಿದಳು, "ಮುಚ್ಚೂದೇನ್ರಿ ಮೇಡಂ?"

ಒದ್ದೆ ಬಟ್ಟೆ ಹೊದಿಸಿ, ಅವಳಿಗೆ ಉಸಿರು ನೋಡುತ್ತಿರಲು ಹೇಳಿ, ಗ್ಲೌಸ್ ಕಳಚಿ ಹೊರಗೆ ಬಂದೆ. ಬಾಯಮ್ಮ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಚ್ಚರಿಸುವುದು ಬೇಡ ಎಂದೆ.

"ನೋವಾಗ್ತದಾ?"

"ಇಲ್ಲ. ಈಗ ನಿದ್ದೆಯಲ್ಲಿದ್ದಾನೆ. ಗೊತ್ತೇ ಆಗುವುದಿಲ್ಲ."

"ಹಾಗಾದರೆ ಬೇಡ, ಎಬ್ಬಿಸ್ಬೇಡಿ," ಎಂದು ಎದ್ದು ಒಳಗೆ ಬಂದರು. ಮುಂಗಾಲನ್ನು ಹಿಡಿದುಕೊಂಡರು. ನಾನು ಔಷಧಿ ಕೊಟ್ಟೆ. ಎದೆಬಡಿತ ನಿಂತದ್ದನ್ನು ಎರಡು ಸಲ ಕೇಳಿ ನೋಡಿದೆ. ಆಮೇಲೆ ಮೊದಲ ಸಲ ತೆಗೆಯಬೇಕಾಗಿದ್ದ ಚೂರನ್ನು ತೆಗೆದು ಬಾಟಲಿಗೆ ಹಾಕಿದೆ. ಎರಡು ವಾರದ ಮೇಲೆ ವರದಿ ಬಂತು. ಕರುಳಿನ ಕ್ಯಾನ್ಸರ್, ನಿಧಾನವಾಗಿ ಬೆಳೆಯುವ ಬಗೆ. ಮಾತ್ರೆಗೆ ಬಗ್ಗುವ ಬಗೆ. ಆ ಕಾಗದವನ್ನು ಮಡಿಚಿ ಮೇಜಿನ ಡ್ರಾವರಿನ ಅಡಿಯಲ್ಲಿಟ್ಟೆ.

ನಂತರದ ಎರಡು ತಿಂಗಳು ಕುವೈತಿನಿಂದ ಫೋನು ಬಂದಾಗಲೆಲ್ಲ ದಿನಾರ್ ಹೆಂಚಿನ ಮಾಡಿನ ಮೇಲಿರುತ್ತಿದ್ದ, ಪಕ್ಕದ ಮನೆಗೆ ಹೋಗಿರುತ್ತಿದ್ದ, ನಿದ್ದೆ ಮಾಡುತ್ತಿರುತ್ತಿದ್ದ. ಬಾಯಮ್ಮ ಹಳೆಯ ವೀಡಿಯೋಗಳನ್ನು ಒಂದೊಂದಾಗಿ ಕಳಿಸುತ್ತಿದ್ದರು. ಇದನ್ನೆಲ್ಲ ಅವರು ಹೇಳಿದ್ದು ಕ್ರಿಸ್ಮಸ್‌ಗೆ ನಾಲ್ಕು ದಿನ ಇರುವಾಗ. "ನಾಳೆ ಬೆಳಗ್ಗೆ ಅವರು ಬರ್ತಾರೆ ಡಾಕ್ಟ್ರೇ. ನನ್ನಿಂದ ಹೇಳ್ಲಿಕ್ಕೆ ಆಗುವುದಿಲ್ಲ. ನೀವು ಬನ್ನಿ."

ಮರುದಿನ ಹತ್ತೂವರೆಗೆ ಹೋದೆ. ಜಗಲಿಯಲ್ಲಿ ನಕ್ಷತ್ರದ ಗೂಡುದೀಪ ತೂಗುತ್ತಿತ್ತು. ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಬಾಯಮ್ಮನ ಗಂಡ ಅಂಗಳಕ್ಕೇ ಓಡಿಬಂದರು.

"ಡಾಕ್ಟ್ರೇ, ನಿಮ್ಮ ಹತ್ರ ಉಂಟು ಅಂತ ಹೇಳಿದಳು. ಪುನಃ ತೊಟ್ಟೆ ತಿಂತಾ ಮಾರಾಯ್ರೆ?"

ನನ್ನ ಕೈ ನೋಡಿದರು. ಆಮೇಲೆ ನನ್ನನ್ನು ದಾಟಿ ಕಾರಿನ ಹಿಂದಿನ ಸೀಟನ್ನು ನೋಡಿದರು. ಬಾಯಮ್ಮ ಬಾಗಿಲಿನಲ್ಲಿ ಕೊಂಕಣಿಯಲ್ಲಿ ಏನೋ ಹೇಳಲು ಹೋಗಿ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಏನನ್ನೂ ಹೇಳಬೇಕಾಗಿ ಬರಲಿಲ್ಲ.

ಗಂಡ ಒಳಗೆ ಹೋಗಿ ನೆಲದ ಮೇಲೆ, ತೆರೆದಿಟ್ಟ ಪೆಟ್ಟಿಗೆಯ ಪಕ್ಕ ಕೂತರು. ಗಲ್ಫಿನ ಪೆಟ್ಟಿಗೆ ನಾನು ಎಷ್ಟೋ ನೋಡಿದ್ದೇನೆ. ಪ್ಲಾಸ್ಟಿಕ್ ಸುತ್ತಿ ಸುತ್ತಿ ಹೊಳೆಯುತ್ತಿರುತ್ತವೆ. ಇದಕ್ಕೆ ಹಳೆಯ ಚಾದರ ಹೊಲಿದು ಹಗ್ಗ ಕಟ್ಟಿದ್ದರು. ಒಳಗೆ ಸಾಬೂನು, ಖರ್ಜೂರ, ಚಾಕಲೇಟು, ಮಕ್ಕಳಿಗೆ ಕೊಡುವ ಬಣ್ಣದ ಪೆನ್ಸಿಲು, ಎಲ್ಲವನ್ನೂ ಅಂಗಡಿಯ ಕವರು ಬಿಚ್ಚಿ ಅರಬ್ಬಿ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ್ದರು. ಇಡೀ ಪೆಟ್ಟಿಗೆಯಲ್ಲಿ ಒಂದು ತೊಟ್ಟೆಯೂ ಇರಲಿಲ್ಲ.

"ಮೂರು ಶುಕ್ರವಾರ ಕೂತು ಕಟ್ಟಿದ್ದು," ಎಂದರು ಯಾರಿಗೆಂದಿಲ್ಲದೆ.

ನಾನು ನಡೆದದ್ದನ್ನೆಲ್ಲ ಹೇಳಿದೆ, ಇಂಜೆಕ್ಷನ್ ಎಂದು ಹೇಳಿದ ಸುಳ್ಳನ್ನೂ ಸೇರಿಸಿ. ಅವರು ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ ಹೆಂಡತಿಯ ಕಡೆ ನೋಡದೆ ಮಾತಾಡಿದರು.

"ಡಾಕ್ಟ್ರೇ, ಅದು ಬೆಳಿಗ್ಗೆ ಹಳದಿ ನೊರೆ ಕಕ್ತಿತ್ತು. ವಾರಕ್ಕೆ ಮೂರು ನಾಲ್ಕು ಸಲ. ನಾನಿರುವಾಗಲೇ ಶುರುವಾದದ್ದು. ಇವಳು ಹೂ ಕೊಯ್ಲಿಕ್ಕೆ ಹೋದಾಗ ನಾನು ಒರೆಸಿ ಬಿಡ್ತಿದ್ದೆ. ಗೊತ್ತಾದರೆ ಬೆಕ್ಕನ್ನು ಹೊರಗೆ ಹಾಕ್ತಾಳೆ ಅಂತ. ಆ ದಿನ ಫೋನಲ್ಲಿ ಅದನ್ನೇ ಕೇಳ್ಲಿಕ್ಕೆ ಹೊರಟದ್ದು. ಇವಳು ಪಕ್ಕದಲ್ಲಿದ್ದಳಲ್ಲ."

ಬಾಯಮ್ಮ ಬಾಗಿಲ ಚೌಕಟ್ಟಿಗೆ ಒರಗಿದ್ದರು. "ನಾನು ಹೊರಗೆ ಹಾಕ್ತಿದ್ದೆನಾ?" ಎಂದರು. ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಆಗಿನ ತಾವು ಹಾಕುತ್ತಿದ್ದರೋ ಇಲ್ಲವೋ ಎಂದು ಅವರಿಗೇ ತಿಳಿಯಲಿಲ್ಲವೆಂದು ಕಾಣುತ್ತದೆ.

"ಮೊದಲೇ ಹೇಳಿದ್ದರೆ ಉಳೀತಿತ್ತಾ ಡಾಕ್ಟ್ರೇ?" ಎಂದು ಗಂಡ ಕೇಳಿದರು.

ಈ ಪ್ರಶ್ನೆಗೆ ನನ್ನ ಬಳಿ ಒಂದು ಸಿದ್ಧ ಉತ್ತರವಿದೆ. 'ಇಲ್ಲ, ಏನೂ ಬದಲಾಗುತ್ತಿರಲಿಲ್ಲ.' ಎಲ್ಲರಿಗೂ ಅದನ್ನೇ ಹೇಳಿ ಕಳಿಸುತ್ತೇನೆ. ಅವರು ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಆದರೆ ಆ ಮನೆಯಲ್ಲಿ ಸಮಾಧಾನಕ್ಕೆಂದು ಹೇಳಿದ, ಸಮಾಧಾನಕ್ಕೆಂದು ಮುಚ್ಚಿಟ್ಟ ಮಾತುಗಳೇ ಸಾಕಷ್ಟಾಗಿದ್ದವು.

"ಪೂರ್ತಿ ಗುಣ ಆಗ್ತಿರಲಿಲ್ಲ," ಎಂದೆ. "ಮಾತ್ರೆಯಲ್ಲಿ ಇನ್ನಷ್ಟು ತಿಂಗಳು ಸಿಗ್ತಿತ್ತು. ನೀವು ಬರುವವರೆಗೆ ಇರ್ತಿದ್ದನೋ ಏನೋ. ಆದರೆ ನೀವು ಹೇಳಲಿಲ್ಲ ಅಂತ ಹಾಗಾದದ್ದಲ್ಲ. ಅವನನ್ನು ಸಾಕಿದವರನ್ನು ನಾನು ಕೇಳಲಿಲ್ಲ. ಮೊದಲ ಸಲ ಕೊಯ್ದಾಗ ಕರುಳು ದಪ್ಪ ಇದ್ದದ್ದು ನನ್ನ ಕೈಗೆ ಗೊತ್ತಾಗಿತ್ತು. ಚೂರು ತೆಗೆಯಲಿಲ್ಲ. ಅದು ನನ್ನ ತಪ್ಪು."

ಅವರು ತಲೆಯಾಡಿಸಿದರು. ಕ್ಷಮಿಸಿದರೆಂದೋ, ಕೇಳಿಸಿತೆಂದೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಯಮ್ಮ ಬಂದು ಪೆಟ್ಟಿಗೆಯ ಆಚೆ ಬದಿಯಲ್ಲಿ ಕೂತರು. ಒಂದೊಂದೇ ಪೊಟ್ಟಣ ಎತ್ತಿ, ಏನೆಂದು ಬಿಚ್ಚಿ ನೋಡದೆ, ನೆಲದ ಮೇಲೆ ಸಾಲಾಗಿ ಇಡತೊಡಗಿದರು. ಹೊರಡುವಾಗ ಅವರ ಗಂಡ ಒಂದು ಪೊಟ್ಟಣ ನನ್ನ ಕೈಗಿಟ್ಟರು. "ನಿಮಗೇ ಅಂತ ತಂದದ್ದು. ಅವನನ್ನು ನೋಡಿಕೊಂಡದ್ದಕ್ಕೆ," ಎಂದರು. ತೆಗೆದುಕೊಂಡೆ.

ಕ್ಲಿನಿಕ್ಕಿಗೆ ಬಂದು ಬಿಚ್ಚಿದೆ. ಮಿಠಾಯಿಗಳು. ಅಂಗಡಿಯಲ್ಲಿ ಒಂದೊಂದಕ್ಕೂ ಹೊಳೆಯುವ ಪ್ಲಾಸ್ಟಿಕ್ ಸುತ್ತಿರುತ್ತಾರಲ್ಲ, ಅಂಥವು. ಅದನ್ನು ಒಂದೊಂದಾಗಿ ತೆಗೆದು, ಬೆರಳಗಲದ ಪೇಪರಿನಲ್ಲಿ ಸುತ್ತಿ, ಎರಡೂ ತುದಿ ತಿರುಚಿದ್ದರು. ಸೆಖೆಗೆ ಕರಗಿ ಪೇಪರೆಲ್ಲ ಮಿಠಾಯಿಗೆ ಹತ್ತಿಕೊಂಡಿತ್ತು. ಉಗುರಿನಿಂದ ಕೆರೆದು ನೋಡಿದೆ, ಬಿಡಲಿಲ್ಲ. ಕಾಗದದ ಸಮೇತ ಬಾಯಿಗೆ ಹಾಕಿಕೊಂಡೆ.